ರಾತ್ರಿ ಕಾವಲಿಗೆ ಹವಾಯಿ ಚಪ್ಪಲಿ ಸಾಲದು

ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬಂತು, ಸರಿಯೇ. ಆದರೆ ಹಂದಿ, ಕರಡಿಯಿಂದ ಶೇಂಗಾ ಕಾಯೋದು ತಪ್ಪಿಲ್ಲ. 1994ರಲ್ಲಿ ಆದ ದರೋಜಿ ಕರಡಿಧಾಮದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಬ್ಯಾಟರಿ ಹಿಡಿದು ಹೋಗೋರ ಕಾಲಲ್ಲಿ ನೋಡಿದ್ರೆ ಹವಾಯಿ ಚಪ್ಪಲಿ! ಕೊಳಕುಮಂಡಲ ಕಚ್ಚೋದು ಹೆಚ್ಚಾಗಿ ಪಾದಕ್ಕೆ, ಕಣಕಾಲಿಗೆ.

ಮೊಣಕಾಲ ಹತ್ತಿರ ಬರುವ ದಪ್ಪ ರಬ್ಬರ್ ಗಂಬೂಟು ಕೊಳ್ಳಿರಿ. ಕಾಲುಚೀಲ ಹಾಕಿಯೇ ಅಳತೆ ನೋಡಿ. ಸಡಿಲಾದರೆ ಕಂಪ್ಲಿ ಗದ್ದೆಯ ಕೆಸರು ಬೂಟು ಇಟ್ಕೊಂಡು ಕಾಲು ಮಾತ್ರ ವಾಪಸು ಕೊಡುತ್ತೆ. ರಬ್ಬರು ನೀರು ತಡೆಯುತ್ತೆ, ಚಳಿ ತಡೆಯಲ್ಲ. ಮಾಗಿಗೆ ಉಣ್ಣೆ ಕಾಲುಚೀಲವೇ ಬೇಕು. ಹಗಲು ಕಾಲು ಬೇಯುತ್ತೆ, ನಿಜ. ಬಿಚ್ಚಿ ಒಣಗಿಸಿ. ಹಾಕುವ ಮುಂಚೆ ಬೋರಲು ಮಾಡಿ ಜಾಡಿಸಿ, ಒಳಗೆ ಚೇಳು ಇರಬಹುದು.

ಔಷಧಿ ಹೊಡೆಯೋಕೆ ಸಾವಿರಗಟ್ಟಲೆ ಹಾಕೋ ನಾವು ಕಾವಲಿನ ಆಳಿಗೆ ಒಂದು ಜೊತೆ ಬೂಟು ಕೊಡಿಸಲ್ಲ ಅಂದ್ರೆ ಹೇಗೆ? ಆ ದುಡ್ಡು ಹೊಲದವನೇ ಹಾಕಬೇಕು, ಕೂಲಿಯಲ್ಲಿ ಮುರಕೊಳ್ಳಬಾರದು.