ಮೊದಲ ದಿನ ಊಟಕ್ಕೆ ಯಾರ ಜೊತೆ?

ಕಳೆದ ಸಲ ರಾಜೀನಾಮೆ ಕೊಟ್ಟು ಹೊರಡುವವರ ಬಗ್ಗೆ ಬರೆದಿದ್ದೆ. ಅದನ್ನು ಓದಿದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಈ ವರ್ಷ ಬಡ್ತಿ ಸಿಕ್ಕಿ, ಕೈಕೆಳಗೆ ಎಂಟು ಜನ ಬಂದಿದ್ದಾರಂತೆ. ಹೊಸದಾಗಿ ಸೇರಿದವರಲ್ಲಿ ಇಬ್ಬರು ಎರಡು ತಿಂಗಳು ತುಂಬುವ ಮೊದಲೇ ಬಿಟ್ಟು ಹೋದರು. "ರಾತ್ರಿ ಊಟ ಬಿಟ್ಟು ಕೂತಿರ್ತಾಳೆ, ನಾನೇನಮ್ಮಾ ಮಾಡಿದೆ ಅಂತ ಕೇಳ್ತಾಳೆ. ನೀವು ಫ್ಯಾಕ್ಟರಿ, ಆಫೀಸು ಎಲ್ಲಾ ನೋಡಿದವರು, ಏನಾದ್ರೂ ಹೇಳಿ" ಅಂತ ಕೇಳಿದ್ದಾರೆ.

ಅಮ್ಮಾ, ನಿಮ್ಮ ಮಗಳು ಏನೋ ಮಾಡಿರುತ್ತಾಳೆ ಅಂತ ನನಗನ್ನಿಸುವುದಿಲ್ಲ. ಇಂಥ ಕಡೆ ಸಾಮಾನ್ಯವಾಗಿ ಯಾರೂ ಏನೂ ಮಾಡಿರುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಪೀಣ್ಯದಲ್ಲಿ 26 ವರ್ಷ ದುಡಿದವಳು ನಾನು. ಮೊದಲು ಸ್ಟೋರ್ಸು, ಆಮೇಲೆ ಪರ್ಸನಲ್ ಡಿಪಾರ್ಟ್‌ಮೆಂಟು. ನಾನು ನಿವೃತ್ತಳಾಗುವ ಹೊತ್ತಿಗೆ ಅದರ ಹೆಸರು ಎಚ್.ಆರ್. ಅಂತಾಗಿತ್ತು, ಕುರ್ಚಿಗಳು ಮಾತ್ರ ಅವೇ. ಹೊಸಬರನ್ನು ಬರಮಾಡಿಕೊಳ್ಳುವುದು ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಹೊಸ ಸೊಸೆಯ ಹೋಲಿಕೆ ಕೊಡ್ತಾರೆ. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಸೊಸೆ ಮುನಿಸಿಕೊಂಡರೆ ತವರಿಗೆ ಹೋಗಿ ನಾಲ್ಕು ದಿನಕ್ಕೆ ವಾಪಸು ಬಂದಾಳು, ಕೆಲಸ ಬಿಟ್ಟವರು ಬರುವುದಿಲ್ಲ. ನನಗೆ ಸರಿ ಅನ್ನಿಸುವುದು ಭತ್ತದ ನಾಟಿ. ಒಟ್ಟಲಿನಿಂದ ಕಿತ್ತು ಗದ್ದೆಗೆ ನೆಟ್ಟ ಸಸಿ ಎಷ್ಟೇ ಒಳ್ಳೆಯ ತಳಿಯಾದರೂ ಮೊದಲ ಕೆಲವು ದಿನ ಬಾಡಿದ ಹಾಗೆ ಕಾಣುತ್ತೆ. ಬೇರು ಹಿಡಿಯುವ ತನಕ ನೀರಿನ ಮೇಲೆ ಕಣ್ಣಿಟ್ಟಿರಬೇಕು ಅಂತ ರೈತರಿಗೆ ಗೊತ್ತು. ಮ್ಯಾನೇಜರುಗಳಿಗೆ ಗೊತ್ತಿರುವುದಿಲ್ಲ. ಮೂರನೇ ದಿನವೇ "ಈ ಹುಡುಗ ಚುರುಕಿಲ್ಲ" ಅಂತ ತೀರ್ಮಾನ ಕೊಟ್ಟುಬಿಡ್ತಾರೆ.

ಕೆಲಸ ಶುರುವಾಗುವುದು ಸೇರಿದ ದಿನ ಅಂತ ತಿಳಿಯಬೇಡಿ. ಆಫರ್ ಲೆಟರ್ ಒಪ್ಪಿಕೊಂಡ ದಿನವೇ ಶುರುವಾಯಿತು. ಈಗಿನ ಕಂಪನಿಗಳಲ್ಲಿ ಹಳೆಯ ಕೆಲಸದ ನೋಟಿಸ್ ಅವಧಿ ಅಂತ ಎರಡು, ಮೂರು ತಿಂಗಳು ಕಾಯಬೇಕು. ಅಷ್ಟು ದಿನ ಹೊಸ ಕಂಪನಿಯಿಂದ ಒಂದು ಫೋನೂ ಇಲ್ಲದಿದ್ದರೆ ಆ ಜೀವಕ್ಕೆ ಏನನ್ನಿಸಬೇಡ? ಎಚ್.ಆರ್.ನವರು ಮೇಲ್ ಕಳಿಸಿರ್ತಾರೆ, ಅದು ಲೆಕ್ಕಕ್ಕಿಲ್ಲ. ಯಾರ ಕೈಕೆಳಗೆ ಕೆಲಸ ಮಾಡಬೇಕೋ ಆ ಮ್ಯಾನೇಜರೇ ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಮಾತಾಡಿದರೆ ಸಾಕು. ಎಲ್ಲಿ ಇಳಿಯಬೇಕು, ಯಾವ ಗೇಟು, ಯಾರನ್ನು ಕೇಳಬೇಕು ಅನ್ನೋದನ್ನೂ ಆಗಲೇ ಹೇಳಿ. ಪೀಣ್ಯ ಅಂತ ಒಂದು ಮೆಟ್ರೋ ನಿಲ್ದಾಣ, ಪೀಣ್ಯ ಇಂಡಸ್ಟ್ರಿ ಅಂತ ಪಕ್ಕದಲ್ಲೇ ಇನ್ನೊಂದು. ತಪ್ಪು ನಿಲ್ದಾಣದಲ್ಲಿ ಇಳಿದು, ಬೆವರು ಸುರಿಸಿಕೊಂಡು, ಮೊದಲ ದಿನವೇ ತಡವಾಯಿತಲ್ಲಾ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಸೆಕ್ಯುರಿಟಿ ಮುಂದೆ ನಿಂತವರನ್ನು ನಾನು ಎಷ್ಟು ಸಲ ನೋಡಿದ್ದೀನೋ! ಸೆಕ್ಯುರಿಟಿಯವನ ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರಂತೂ ಮುಗಿಯಿತು.

ಮೊದಲ ದಿನ ಭಾಷಣ, ಪಿಪಿಟಿ, ಕಂಪನಿಯ ಇತಿಹಾಸ ಎಲ್ಲಾ ಇರುತ್ತೆ. ಮನೆಗೆ ಹೋದಮೇಲೆ ಅದರಲ್ಲಿ ಒಂದೂ ನೆನಪಿರಲ್ಲ. ನೆನಪಿರುವುದು ಮಧ್ಯಾಹ್ನದ ಊಟ. ಎಲ್ಲರೂ ಗುಂಪುಗುಂಪಾಗಿ ಕ್ಯಾಂಟೀನಿಗೆ ಎದ್ದು ಹೋಗ್ತಾರೆ, ಹೊಸಬರು ಫೋನು ನೋಡುತ್ತಾ ಕೂತಿರ್ತಾರೆ, ಹಸಿವಿಲ್ಲದವರ ಹಾಗೆ. ಅದಕ್ಕೇ ಮ್ಯಾನೇಜರು ಹಿಂದಿನ ದಿನವೇ ಒಬ್ಬರಿಗೆ ಹೇಳಿಟ್ಟಿರಬೇಕು, "ನಾಳೆ ಬರುವವರನ್ನು ನೀವೇ ಊಟಕ್ಕೆ ಕರ್ಕೊಂಡು ಹೋಗಿ" ಅಂತ. ಹೆಣ್ಣುಮಕ್ಕಳಾದರೆ ಶೌಚಾಲಯ ಎಲ್ಲಿ, ರಾತ್ರಿ ಪಾಳಿಯ ಗಾಡಿ ಎಲ್ಲಿ ನಿಲ್ಲುತ್ತೆ ಅನ್ನೋದನ್ನು ಹೇಳುವುದಕ್ಕೆ ಒಬ್ಬ ಹೆಂಗಸೇ ಇರಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತೆ. ಗೋಡೆ ಮೇಲೆ ಕಾಗದ ಅಂಟಿಸಿ ಕೈತೊಳೆದುಕೊಳ್ಳಬೇಡಿ. ಸಮಿತಿಯ ಅಧ್ಯಕ್ಷೆ ಯಾರು, ಅವರು ಎಲ್ಲಿ ಕೂರ್ತಾರೆ ಅಂತ ಕರೆದುಕೊಂಡು ಹೋಗಿ ತೋರಿಸಿ.

ಇನ್ನು ದುಡ್ಡಿನ ವಿಷಯ. ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಾನಿನ್ನೂ ಸ್ಟೋರ್ಸಿನಲ್ಲಿದ್ದಾಗ ಸಿಂಧನೂರು ಕಡೆಯ ಹುಡುಗನೊಬ್ಬ ಮಷೀನ್ ಶಾಪಿಗೆ ಸೇರಿದ. ಐಟಿಐ ಮುಗಿಸಿದವನು, ಕೈ ಬಹಳ ಚೊಕ್ಕ. ಸೇರಿದ್ದು ಆಗಸ್ಟ್ 23ಕ್ಕೆ. ಆ ಕಂಪನಿಯಲ್ಲಿ ಸಂಬಳದ ಲೆಕ್ಕ 20ಕ್ಕೇ ಮುಚ್ಚುತ್ತಿತ್ತು. ಆಗಸ್ಟಿನ ಕೊನೆಯ ದಿನಗಳ ಸಂಬಳವನ್ನು ಸೆಪ್ಟೆಂಬರಿನದಕ್ಕೆ ಸೇರಿಸಿ ಅಕ್ಟೋಬರ್ 7ಕ್ಕೆ ಕೊಡುವುದು ಅಲ್ಲಿನ ಪದ್ಧತಿ. ಹುಡುಗನಿಗೆ ಇದನ್ನು ಯಾರೂ ಹೇಳಲಿಲ್ಲ. ಊರಿಂದ ತಂದ ದುಡ್ಡು ರೂಮಿನ ಅಡ್ವಾನ್ಸಿಗೇ ಹೋಗಿತ್ತು. ಸೆಪ್ಟೆಂಬರ್ 7ಕ್ಕೆ ಸಂಬಳ ಬರುತ್ತೆ ಅಂತ ಕಾದ, ಬರಲಿಲ್ಲ. ಕೇಳಲು ಸಂಕೋಚ. ಬೆಳಿಗ್ಗೆ ಚಹಾ, ಮಧ್ಯಾಹ್ನ ಕ್ಯಾಂಟೀನಿನ ಊಟ, ರಾತ್ರಿ ನೀರು. ಸೆಪ್ಟೆಂಬರ್ ಮೂರನೇ ವಾರ ಲೇತ್ ಪಕ್ಕದಲ್ಲೇ ತಲೆಸುತ್ತಿ ಬಿದ್ದ. ತಿರುಗುತ್ತಿದ್ದ ಜಾಬಿಗೂ ಅವನ ಕೈಗೂ ಒಂದು ಗೇಣು ಅಂತರವಿತ್ತು ಅಷ್ಟೆ.

ಅಲ್ಲಿನ ಸೂಪರ್‌ವೈಸರು ವಯಸ್ಸಾದವರು, ಬಾಯಿ ಸ್ವಲ್ಪ ಒರಟು. ಹುಡುಗನನ್ನು ಎಬ್ಬಿಸಿ ಕೂರಿಸಿ, ಕ್ಯಾಂಟೀನಿನಿಂದ ಅನ್ನ ಮಜ್ಜಿಗೆ ತರಿಸಿ, ಅವನು ಉಂಡು ಮುಗಿಸುವ ತನಕ ಏನೂ ಕೇಳಲಿಲ್ಲ. ಆಮೇಲೆ ವಿಷಯ ತಿಳಿದು ನೇರವಾಗಿ ಅಕೌಂಟ್ಸಿಗೆ ಹೋದರು. ಅವತ್ತು ಅವರು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ! ಸಂಜೆಯೊಳಗೆ ಅಡ್ವಾನ್ಸು ಮಂಜೂರಾಯಿತು. ಅಲ್ಲಿಂದ ಮುಂದೆ ಅವರ ಶಾಪಿಗೆ ಯಾರು ಸೇರಿದರೂ ಮೊದಲ ದಿನ ಅವರು ಕೇಳುತ್ತಿದ್ದದ್ದು ಒಂದೇ: "ಸಂಬಳ ಇಂಥ ತಾರೀಖು ಬರೋದು ಕಣಪ್ಪಾ, ಅಲ್ಲೀವರೆಗೆ ಊಟಕ್ಕೆ ಇದೆಯಾ?"

ತಿಂಗಳ ಕೂಲಿಯನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು ಅನ್ನೋದು, ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆಗಳಿಗೆ, 1936ರ ವೇತನ ಪಾವತಿ ಕಾಯ್ದೆಯಲ್ಲೇ ಇದ್ದ ಮಾತು. ಹೊಸಬರ ಕೊನೆಯ ವಾರದ ಸಂಬಳವನ್ನು ಎಳೆದು ಮುಂದಕ್ಕೆ ಹಾಕುವುದು ಅಕೌಂಟ್ಸಿನವರ ಅನುಕೂಲ ಅಷ್ಟೆ. ನಿಮ್ಮ ಕಂಪನಿಯಲ್ಲೂ ಹಾಗಿದ್ದರೆ, ಅದನ್ನು ಬದಲಿಸುವ ಅಧಿಕಾರ ನಿಮಗಿಲ್ಲದಿದ್ದರೂ, ಹೇಳುವ ಬಾಯಿ ಇದೆಯಲ್ಲ.

ಕಾಗದಪತ್ರಗಳು ಎಚ್.ಆರ್. ಪಾಡು ಅಂತ ಮ್ಯಾನೇಜರುಗಳು ಸುಮ್ಮನಿರ್ತಾರೆ. ಇರಲಿ, ಆದರೆ ಒಂದು ವಿಷಯ ಗೊತ್ತಿರಲಿ. ನಮ್ಮ ಜನರ ಇನಿಷಿಯಲ್ ಇದೆಯಲ್ಲ, ಅದೊಂದು ದೊಡ್ಡ ರಾಮಾಯಣ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಪೂರ್ತಿ ಹೆಸರು. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಹೆಸರು ಬೇರೆ. ಪಿ.ಎಫ್.ನ ಯುಎಎನ್ ಒಬ್ಬರಿಗೆ ಜೀವನಪೂರ್ತಿ ಒಂದೇ. ಹಳೆಯ ಸಂಖ್ಯೆ ಕೊಡದೆ ಹೊಸದು ಮಾಡಿಸಿಕೊಂಡರೆ, ಅಥವಾ ಹೆಸರು ತಾಳೆಯಾಗದಿದ್ದರೆ, ಮುಂದೆ ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ದುಡ್ಡು ತೆಗೆಯುವಾಗ ಅಲೆದಾಟ. ಈ ಅಲೆದಾಟಕ್ಕೆ ಆಮೇಲೆ ರಜೆ ಕೊಡಬೇಕಾದವರು ನೀವೇ. ಮೊದಲ ವಾರವೇ ಸರಿಮಾಡಿಸಿಕೊಳ್ಳಲು ಅರ್ಧ ದಿನ ಬಿಟ್ಟುಕೊಡಿ.

ಕೆಲಸ ಕಲಿಸುವ ಬಗ್ಗೆ ಒಂದೆರಡು ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಏನೂ ಗೊತ್ತಿಲ್ಲದ ಲಕ್ಷಾಂತರ ಜನ, ಅದರಲ್ಲೂ ಹೆಂಗಸರು, ಕೆಲಸಕ್ಕೆ ಬಂದರು. ಅವರಿಗೆ ಬೇಗ ಕಲಿಸಬೇಕಲ್ಲ ಅಂತ ಮೇಸ್ತ್ರಿಗಳಿಗೇ ತರಬೇತಿ ಕೊಡುವ ಒಂದು ಸರ್ಕಾರಿ ಕಾರ್ಯಕ್ರಮ ಶುರುವಾಯಿತು. ಹೆಸರು ಟ್ರೈನಿಂಗ್ ವಿದಿನ್ ಇಂಡಸ್ಟ್ರಿ. ಯುದ್ಧ ಮುಗಿದ ಮೇಲೆ ಅದು ಜಪಾನಿಗೂ ಹೋಯಿತು, ಟೊಯೋಟದವರೂ ಅಳವಡಿಸಿಕೊಂಡರು. ಅದರ ಹೂರಣ ಇಷ್ಟೇ: ಮೊದಲು ಕಲಿಯುವವರ ಭಯ ಬಿಡಿಸಿ, ಆಮೇಲೆ ಮಾಡಿ ತೋರಿಸಿ, ಅವರ ಕೈಯಲ್ಲಿ ಮಾಡಿಸಿ, ನಂತರವೂ ಬಂದು ನೋಡುತ್ತಿರಿ. ನಮ್ಮಲ್ಲಿ ಎರಡನೆಯದಕ್ಕೇ ನಿಲ್ಲಿಸ್ತೀವಿ. ವರ್ನಿಯರ್ ಹಿಡಿದು ಅಳತೆ ತೆಗೆದು ತೋರಿಸಿ, "ಗೊತ್ತಾಯ್ತಾ?" ಅಂತ ಕೇಳ್ತೀವಿ. ಗೊತ್ತಾಗಲಿಲ್ಲ ಅಂತ ಹೇಳುವ ಧೈರ್ಯ ಯಾವ ಹೊಸಬರಿಗಿದೆ? "ಹೂಂ ಸಾರ್" ಅಂತಾರೆ. ವರ್ನಿಯರನ್ನು ಅವರ ಕೈಗೇ ಕೊಟ್ಟು ಅಳೆಯಲು ಹೇಳಿ. 0.02 ಮಿಲಿಮೀಟರಿನ ಗೆರೆ ಎಲ್ಲಿ ಕೂಡುತ್ತೆ, ಅದೇ ಯಾಕೆ ಅಂತ ಅವರ ಬಾಯಲ್ಲೇ ಹೇಳಿಸಿ. ಕಂಪ್ಯೂಟರ್ ಕೆಲಸವಾದರೂ ಅಷ್ಟೆ. ಕೀಬೋರ್ಡು ನಿಮ್ಮ ಕೈಯಲ್ಲಿರುವ ತನಕ ಅವರು ಕಲಿಯುತ್ತಿಲ್ಲ, ಬರೀ ನೋಡ್ತಿದ್ದಾರೆ.

ಭಾಷೆಯ ಮಾತು ಎತ್ತದೆ ಬಿಡಲಾರೆ. ಒಡಿಶಾ, ಬಿಹಾರದಿಂದ ಬಂದವರಿಗೆ ಕನ್ನಡ ಬಾರದು ಅನ್ನೋದು ಎಲ್ಲರಿಗೂ ಕಾಣುತ್ತೆ. ನಮ್ಮದೇ ಕಲಬುರಗಿ, ಬೀದರ್ ಹುಡುಗರು ಬೆಂಗಳೂರಿನ ಮೀಟಿಂಗಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿದರೆ ತಪ್ಪಾದೀತು ಅಂತ ಒಂದು ಭಯ. ಕನ್ನಡದಲ್ಲಿ ಮಾತಾಡೋಣ ಅಂದರೆ "ಹೌದ್ರಿ", "ಬರ್ತೀನ್ರಿ" ಅಂದ ಕೂಡಲೇ ಯಾರೋ ಅಣಕಿಸ್ತಾರೆ, ಉಳಿದವರು ನಗ್ತಾರೆ. ಅಣಕಿಸಿದವರಿಗೆ ಅದು ತಮಾಷೆ. ಮ್ಯಾನೇಜರೂ ಜೊತೆಗೆ ನಕ್ಕರೆ ಆ ಹುಡುಗ ಅವತ್ತಿಂದ ಪ್ರಶ್ನೆ ಕೇಳುವುದನ್ನೇ ನಿಲ್ಲಿಸ್ತಾನೆ, ಪ್ರಶ್ನೆ ಕೇಳದವನ ಕೆಲಸದಲ್ಲಿ ತಪ್ಪು ಬೀಳುತ್ತೆ, ತಪ್ಪು ಬಿದ್ದರೆ "ಅವನಿಗೆ ಆಗಲ್ಲ" ಅಂತ ವರದಿ. ನನ್ನ ಪ್ರಕಾರ ಇದನ್ನು ಮೊದಲ ಸಲವೇ, ಎಲ್ಲರೆದುರೇ ನಿಲ್ಲಿಸಬೇಕು. ಗದರುವುದು ಬೇಡ, ನಗದೆ "ಅವರು ಏನು ಹೇಳ್ತಿದ್ರು, ಮುಂದುವರಿಸಲಿ" ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತೆ.

ಪತ್ರ ಬರೆದ ತಾಯಿಗೆ ಒಂದು ಮಾತು: ಮಗಳಿಗೆ ಹೇಳಿ, ಮೊದಲ ತಿಂಗಳು ಪ್ರತಿ ಶುಕ್ರವಾರ ಹೊಸಬರ ಜೊತೆ ಹದಿನೈದು ನಿಮಿಷ ಕೂರಲಿ. ಕ್ಯಾಬಿನ್ನಿನಲ್ಲಿ ಬೇಡ, ಹೊರಗೆ ಚಹಾ ಕುಡೀತಾ. "ಹೇಗಿದೆ ಕೆಲಸ?" ಅಂತ ಕೇಳಿದರೆ "ಚೆನ್ನಾಗಿದೆ ಮೇಡಂ" ಅನ್ನೋ ಉತ್ತರ ಬಿಟ್ಟು ಬೇರೆ ಬರಲ್ಲ. "ಈ ವಾರ ಯಾವುದಕ್ಕೆ ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ನಿಂತ್ರಿ?" ಅಂತ ಕೇಳಲಿ. ಅದಕ್ಕೆ ಉತ್ತರ ಬರುತ್ತೆ. ಬಿಟ್ಟು ಹೋದ ಆ ಇಬ್ಬರಿಗೂ ಫೋನು ಮಾಡಿ, ವಾಪಸು ಕರೆಯುವುದಕ್ಕಲ್ಲ, ಇದೇ ಪ್ರಶ್ನೆ ಕೇಳುವುದಕ್ಕೆ, ಒಂದು ಸಲ ಪ್ರಯತ್ನಿಸಬಹುದು. ಕೆಲಸ ಬಿಟ್ಟವರು ಸಾಮಾನ್ಯವಾಗಿ ನಿಜ ಹೇಳ್ತಾರೆ.

ಪ್ರೊಬೇಷನ್ ಮುಗಿದರೂ ಖಾಯಂ ಪತ್ರ ಕೈಗೆ ಬಾರದ ಬಗ್ಗೆ ಇನ್ನಿಬ್ಬರು ಕೇಳಿದ್ದಾರೆ. ಅದಕ್ಕೆ ಜಾಗ ಸಾಲದು, ಮುಂದಿನ ಸಲ ಬರೆಯುತ್ತೇನೆ. ಅಷ್ಟರೊಳಗೆ ನಿಮ್ಮ ನೇಮಕಾತಿ ಪತ್ರ ಹುಡುಕಿ ತೆಗೆದಿಟ್ಟುಕೊಳ್ಳಿ.