ಸೈಲೆನ್ಸರ್ ಬದಲಿಸಿದರೆ ಪವರ್ ಬರ್ತದಾ?

ಕಾಸರಗೋಡು: ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಕಾರಿಗೆ ಹೊಸ ಸೈಲೆನ್ಸರ್, ಹೊಸ ಏರ್ ಫಿಲ್ಟರ್ ಹಾಕಿಸಿಕೊಂಡು ಬರುವ ಹುಡುಗರು ನಮ್ಮಲ್ಲಿ ಕಡಿಮೆಯೇನಿಲ್ಲ. 'ಈಗ ನೋಡಿ, ಎಂತ ಪವರ್!' ಅಂತಾರೆ. ಶಬ್ದ ಜಾಸ್ತಿಯಾದದ್ದು ಊರಿಗೆಲ್ಲ ಕೇಳ್ತದೆ. ಎಳೆತ ಜಾಸ್ತಿಯಾಗಿದೆಯೇ ಎಂಬುದು ಬೇರೆ ಪ್ರಶ್ನೆ.

ಲೆಕ್ಕ ನೋಡಿ. ಮನೆ ಮನೆಯ ಅಂಗಳದಲ್ಲಿ ಕಾಣುವ 1197 ಸಿಸಿಯ ಹಳೇ ಸ್ವಿಫ್ಟ್ ಪೆಟ್ರೋಲ್ ಕಾರಿನದು ಸುಮಾರು 83 ಅಶ್ವಶಕ್ತಿ. ನಿಮಿಷಕ್ಕೆ 6000 ಸುತ್ತು ತಿರುಗುವಾಗ ಅದು ಎಳೆದುಕೊಳ್ಳುವ ಗಾಳಿ ಸುಮಾರು 3600 ಲೀಟರ್. ಅಷ್ಟಕ್ಕೆ ಕಂಪನಿಯ ಫಿಲ್ಟರ್, ಶುಚಿಯಾಗಿದ್ದರೆ, ಸಾಕು. ದಾರಿ ಅಗಲ ಮಾಡಿದ ಮಾತ್ರಕ್ಕೆ ಸಿಲಿಂಡರ್ ದೊಡ್ಡದಾಗುವುದಿಲ್ಲ.

ಕೆಲವರು ಫಿಲ್ಟರಿನ ಡಬ್ಬಿಯನ್ನೇ ತೆಗೆದು ಬಾನೆಟ್ ಒಳಗೆ ಬರೀ ಕೋನ್ ಫಿಲ್ಟರ್ ಕೂರಿಸ್ತಾರೆ. ಆಗ ಎಂಜಿನ್ ತನ್ನದೇ ಬಿಸಿಗಾಳಿಯನ್ನು ಎಳೆಯುತ್ತದೆ. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಹೆಚ್ಚುಕಡಿಮೆ ಶೇ. 1 ಇಳಿಯುತ್ತದೆ; 15 ಡಿಗ್ರಿ ಏರಿದರೆ ಶೇ. 5. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಂತೂ ದುಡ್ಡು ಕೊಟ್ಟು ಪವರ್ ಕಳಕೊಂಡ ಹಾಗೆ.

ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸಿದರೆ ಇಂಥ ಕಾರಿಗೆ ಸಿಗುವುದು ಒಂದೆರಡು ಅಶ್ವಶಕ್ತಿ. ಅದೂ ಎಂಜಿನ್ ಕಿರುಚುವಷ್ಟು ತಿರುಗಿದಾಗ. ಪೈಪ್ ತೀರಾ ಅಗಲವಾದರೆ ಹೊಗೆಯ ವೇಗ ತಗ್ಗಿ, ನಿಧಾನಕ್ಕೆ ಏರು ಹತ್ತುವಾಗಿನ ಎಳೆತ ಕಡಿಮೆಯಾಗುವುದೂ ಉಂಟು.

ಟರ್ಬೊ ಕಾರಿನ ವಿಷಯ ಬೇರೆ. ಟರ್ಬೊದಿಂದ ಹೊರಡುವ ಪೈಪ್ ಬದಲಿಸಿ ಇಸಿಯು ಪ್ರೋಗ್ರಾಂ ತಿದ್ದಿದರೆ ಪವರ್ ನಿಜಕ್ಕೂ ಏರುತ್ತದೆ. ಆದರೆ ಕ್ಲಚ್, ಗೇರ್‌ಬಾಕ್ಸಿಗೆ ಭಾರ ಬೀಳ್ತದೆ, ವಾರಂಟಿಗೂ ಕುತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತರೆ ವಿಷದ ಹೊಗೆ ನೇರ ಹೊರಗೆ.

ಇನ್ನು ಕಾನೂನು. 'ಅಲ್ಲಿ ನಡೀತದೆ, ಇಲ್ಲಿ ಮಾತ್ರ ಹಿಡೀತಾರೆ' ಎಂಬ ಮಾತಿದೆ. ಮೋಟಾರು ವಾಹನ ಕಾಯ್ದೆ ಕೇಂದ್ರದ್ದು, ಗಡಿಯ ಎರಡೂ ಕಡೆ ಒಂದೇ. ಕಂಪನಿ ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದ್ದೇ ಪ್ರಕರಣದಲ್ಲಿ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ, ಹೊಗೆಯ ಮಿತಿ ಮೀರಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂ.ವರೆಗೆ ದಂಡ, 3 ತಿಂಗಳವರೆಗೆ ಜೈಲು ಕೂಡ ಆಗಬಹುದು. ಜತೆಗೆ 3 ತಿಂಗಳು ಲೈಸೆನ್ಸ್ ಇಲ್ಲ.

ಮನೆಯವರು ಗಮನಿಸಬೇಕಾದ್ದು ಇಲ್ಲಿದೆ. ಮಾರ್ಪಾಡಿನ ಶಿಕ್ಷೆ ಕಾಯ್ದೆಯಲ್ಲಿ ಬರುವುದು ವಾಹನದ ಮಾಲೀಕನ ಮೇಲೆ. ಮಗ ಓಡಿಸುವ ಕಾರಿನ ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ, ಅಪ್ಪ ಗಲ್ಫಿನಲ್ಲಿದ್ದರೂ, ನೋಟಿಸಿನಲ್ಲಿ ಬರುವುದು ಅವರ ಹೆಸರೇ.

ಪವರ್ ಹೆಚ್ಚುತ್ತದೆ ಅನ್ನುವ ಅಂಗಡಿಯವರಲ್ಲಿ ಡೈನೊ ಯಂತ್ರದಲ್ಲಿ ಮೊದಲು ಮತ್ತು ನಂತರ ಅಳೆದ ಚೀಟಿ ಕೇಳಿ. ಈಗಾಗಲೇ ಬದಲಿಸಿದವರು ಕಂಪನಿಯ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ವಾಪಸ್ ಕೂರಿಸಲು ಅದೇ ಬೇಕಾಗ್ತದೆ.