ಶಾಲು ಹೊದಿಸಿದರೆ ಲೆಕ್ಕ ಚುಕ್ತವೇ?

ಕಳೆದ ತಿಂಗಳು ಬೊರಿವಲಿಯ ನಮ್ಮ ಮನೆಗೆ ಒಂದು ಸಂಘದ ಇಬ್ಬರು ಪದಾಧಿಕಾರಿಗಳು ಬಂದಿದ್ದರು. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ, ಬ್ಯಾನರು, ಸ್ಮರಣ ಸಂಚಿಕೆಯ ಮುಖಪುಟ ಎಲ್ಲವೂ ಹತ್ತು ದಿನದಲ್ಲಿ ಆಗಬೇಕಂತೆ. ಗೋಡೆಯ ಮೇಲಿದ್ದ ಕಾನ್ಹೇರಿ ಗುಡ್ಡದ ನನ್ನ ಜಲವರ್ಣ ಚಿತ್ರಗಳನ್ನು ನೋಡಿ ಒಬ್ಬರು ಮರುಗಿದರು: "ಈ ಡಿಸೈನ್ ಗಿಸೈನ್ ಹಿಂದೆ ಹೋಗದಿದ್ರೆ ನೀವು ಹೆಬ್ಬಾರರ ಹಾಗೆ ಆಗ್ತಿದ್ರಿ ಮಾರಾಯ್ರೆ!" ನಾನು ಕೆಲಸದ ಮೊತ್ತ ಹೇಳಿದೆ. ಇಬ್ಬರೂ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. "ಕಂಪ್ಯೂಟರಿನಲ್ಲಿ ನಾಲ್ಕು ಕ್ಲಿಕ್ ಅಲ್ವಾ? ಇದು ಕನ್ನಡದ ಸೇವೆ" ಅಂದರು.

ಈ ತರ್ಕ ನೋಡಿ. ಚಿತ್ರಕಲೆ ಪವಿತ್ರ, ಅದಕ್ಕೆ ದುಡ್ಡು ಕೇಳಬಾರದು. ಡಿಸೈನ್ ಕ್ಷುಲ್ಲಕ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯಾವ ಕಡೆಯಿಂದ ಬಂದರೂ ಕಲಾವಿದನ ಜೇಬು ಖಾಲಿಯೇ.

ಹೆಬ್ಬಾರರ ಹೆಸರು ಹೇಳುವವರು ಅವರ ಬದುಕನ್ನೂ ನೋಡಲಿ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿ ಓದಿ, 1940ರ ದಶಕದಲ್ಲಿ ಅಲ್ಲಿಯೇ ಪಾಠ ಮಾಡಿದರು. ನೌಕರಿ ಅವರ ಕುಂಚವನ್ನು ಮೊಂಡು ಮಾಡಲಿಲ್ಲ. ಕಲಬುರಗಿಯ ಎಸ್.ಎಂ. ಪಂಡಿತರು ಇದೇ ಊರಿನಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದೇ ದೊಡ್ಡ ಹೆಸರಾದರು. ಎಂ.ಎಫ್. ಹುಸೇನರು ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಜೆ.ಜೆ.ಯಲ್ಲಿ ವಾಣಿಜ್ಯ ಕಲೆಯ ವಿಭಾಗ ಶುರುವಾದದ್ದು 1935ರಲ್ಲಿ. ಅದು ಪ್ರತ್ಯೇಕ ಸಂಸ್ಥೆಯಾದದ್ದು 1961ರಲ್ಲಿ. ಆಡಳಿತಕ್ಕಾಗಿ ಹಾಕಿದ ಆ ಗೆರೆಯನ್ನು ನಾವು ಜಾತಿಯ ಗೆರೆಯಂತೆ ಪಾಲಿಸುತ್ತಿದ್ದೇವೆ.

ನನ್ನ ಎರಡು ಕೆಲಸಗಳ ನಡುವೆ ಅಂಥ ಗೆರೆ ಇಲ್ಲ. ಗೊರಾಯಿ ಖಾಡಿಯ ಮಂಜನ್ನು ಬರೆಯುವಾಗ ಕಾಗದವನ್ನು ಎಲ್ಲಿ ಬಿಳಿಯಾಗಿಯೇ ಬಿಡಬೇಕೆಂದು ಕಲಿತೆ. ಆಮಂತ್ರಣ ಪತ್ರಿಕೆಯಲ್ಲಿ ಅಕ್ಷರಗಳ ಸುತ್ತ ಜಾಗ ಬಿಡುವುದೂ ಅದೇ ವಿದ್ಯೆ. ಆ ಖಾಲಿ ಜಾಗದಲ್ಲಿ ಹನ್ನೆರಡು ದಾನಿಗಳ ಪಾಸ್‌ಪೋರ್ಟ್ ಫೋಟೋ ತುರುಕುವುದು ಸಮಿತಿಯ ವಿದ್ಯೆ!

ಹೊಟ್ಟೆಪಾಡಿನ ಕಲೆ ಮನುಷ್ಯನನ್ನು ಕೆಡಿಸುವುದಿಲ್ಲವೇ ಎಂದು ಕೇಳಬಹುದು. ಕೆಡಿಸುತ್ತದೆ. ಒಮ್ಮೆ ಒಬ್ಬ ಬಿಲ್ಡರನ ಬ್ರೋಶರಿಗಾಗಿ ಗುಡ್ಡದ ಬುಡದ ಜೋಪಡಿಗಳನ್ನು ಅಳಿಸಿ ಹಸಿರು ತುಂಬಿದೆ. ಅದೇ ಭಾನುವಾರ ಅದೇ ಗುಡ್ಡವನ್ನು ಬರೆಯಲು ಕೂತಾಗ ನೀಲಿ ತಾಡಪತ್ರಿಗಳು ಕಣ್ಣಿಗೆ ಚುಚ್ಚಿದವು. ಅವನ್ನು ಬರೆಯದೆ ಏಳಲು ಆಗಲಿಲ್ಲ. ಆದರೆ ತಪ್ಪು ಡಿಸೈನಿನದ್ದಲ್ಲ, ಬೇಡ ಎನ್ನದ ನನ್ನದು. ಬೇಡ ಎನ್ನುವ ಧೈರ್ಯ ಬರಬೇಕಾದರೆ ಉಳಿದ ಕೆಲಸಕ್ಕೆ ನ್ಯಾಯವಾದ ದುಡ್ಡು ಬರಬೇಕು. ಆ ತಿಂಗಳ ಮನೆ ಕಂತನ್ನು ಯಾವ ಸಂಘದ ಶಾಲೂ ಕಟ್ಟುತ್ತಿರಲಿಲ್ಲ.

ಸಂಘಗಳ ಬಳಿ ಹಣವಿಲ್ಲ ಎಂಬುದು ಕೆಲವೆಡೆ ನಿಜ. ಹಾಗಿದ್ದರೆ ಅಡುಗೆಯವರಿಗೆ, ಮಂಟಪದವರಿಗೆ, ಪ್ರೆಸ್ಸಿನವರಿಗೆ, ಸೌಂಡ್‌ನವರಿಗೂ ಸೇವೆಯ ಪಾಠ ಹೇಳಿ ನೋಡಿ. ಅವರು ಮುಂಗಡ ಕೇಳುತ್ತಾರೆ, ನೀವು ಕೊಡುತ್ತೀರಿ. ಪುಕ್ಕಟೆ ದುಡಿಯಬೇಕಾದವನು ಮುಖಪುಟ ಮಾಡುವವನೊಬ್ಬನೇ ಏಕೆ? ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು ಕಟ್ಟಿದ ಸಮಾಜ ನಮ್ಮದು. ದುಡಿಮೆಗೆ ಬೆಲೆಯಿದೆ ಎಂದು ನಮಗೆ ಬೇರೆಯವರು ಕಲಿಸಬೇಕೇ?

ನಾನು ಕೇಳುವುದು ಮೂರೇ. ಕಾರ್ಯಕ್ರಮದ ಬಜೆಟ್ಟಿನಲ್ಲಿ ವಿನ್ಯಾಸಕ್ಕೆ ಒಂದು ಸಾಲು ಬರೆಯಿರಿ, ಮೊತ್ತ ಚಿಕ್ಕದಾದರೂ ಸರಿ. ಸಂಚಿಕೆಯ ಒಳಪುಟದಲ್ಲಿ ಮಾಡಿದವರ ಹೆಸರು ಹಾಕಿ. ನಿಜಕ್ಕೂ ಹಣವಿಲ್ಲದಿದ್ದರೆ ಕೆಲಸಕ್ಕೆ ಮೊದಲೇ ಬಾಯಿಬಿಟ್ಟು ಹೇಳಿ. ಮಕ್ಕಳ ಕನ್ನಡ ತರಗತಿಗೆ ನಾನು ಇಂದೂ ಪುಕ್ಕಟೆ ಮಾಡಿಕೊಡುತ್ತೇನೆ.

ಶಾಲುಗಳು ನನ್ನ ಕಪಾಟಿನಲ್ಲಿ ಬೇಕಾದಷ್ಟಿವೆ. ಮುಂಬಯಿಯ ಸೆಕೆಗೆ ಅವುಗಳ ಅಗತ್ಯ ಬೀಳುವುದು ಅಪರೂಪ.